ಸಮಾಧಾನ ಯಾರಿಗಾಗಿ?



ಹೋದ ತಿಂಗಳು ನಮ್ಮ ಧರ್ಮಕೇಂದ್ರದ ಒಬ್ಬ ಆಂಟಿಗೆ ಮೊದಲ ಕೀಮೋ ಇತ್ತು. ಅವರ ಮಗಳ ಜೊತೆ ಯುವಜನರಲ್ಲಿ ನಾವಿಬ್ಬರು ಹೊಸೂರಿನಿಂದ ಬೆಂಗಳೂರಿಗೆ ಹೋಗಿದ್ದೆವು. ಆಂಟಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಅತ್ತಿಬೆಲೆ ದಾಟಿದರೂ ನಮ್ಮ ಮಾತು ನಿಲ್ಲಲಿಲ್ಲ. “ಏನೂ ಆಗಲ್ಲ ಆಂಟಿ, ಧೈರ್ಯವಾಗಿರಿ, ದೇವರ ಮೇಲೆ ಭಾರ ಹಾಕಿ” ಎನ್ನುತ್ತಲೇ ಇದ್ದೆವು. ಅವರು ಎಲ್ಲದಕ್ಕೂ ತಲೆಯಾಡಿಸಿದರು. ಆಸ್ಪತ್ರೆಯಲ್ಲಿ ಕೈಗೆ ಸೂಜಿ ಹಾಕಿ, ಮೊದಲು ವಾಂತಿ ತಡೆಯುವ ಔಷಧ ಕೊಟ್ಟರು. ಆಮೇಲೆ ಕೆಂಪು ಬಣ್ಣದ ಔಷಧ ಇಳಿಯತೊಡಗಿದಾಗ ಆಂಟಿ ಮೆಲ್ಲಗೆ ಹೇಳಿದರು: “ನಂಗೆ ಭಯ ಆಗ್ತಿದೆ ಕಣ್ರಪ್ಪಾ. ನೀವು ಧೈರ್ಯವಾಗಿರಿ ಅಂತಿದ್ರೆ ಅದನ್ನ ಹೇಳೋಕೂ ನಾಚಿಕೆ ಆಗುತ್ತೆ.”

ನಾವು ಸುಮ್ಮನಾದೆವು. ದಾರಿಯುದ್ದಕ್ಕೂ ನಾವು ಹೇಳಿದ್ದು ಯಾರ ಸಮಾಧಾನಕ್ಕೆ? ನಿಜ ಹೇಳಬೇಕೆಂದರೆ, ನಮ್ಮ ಸಮಾಧಾನಕ್ಕೆ. ಅವರ ಭಯ ನೋಡಲು ನಮಗೆ ಭಯವಿತ್ತು.

“ಏನೂ ಆಗಲ್ಲ” ಎಂಬುದು ಸತ್ಯವೂ ಆಗಿರಲಿಲ್ಲ. ಕೀಮೋದ ಎಷ್ಟೋ ಔಷಧಗಳು ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳನ್ನು ಹೊಡೆಯುತ್ತವೆ. ಕ್ಯಾನ್ಸರ್ ಕೋಶಗಳು ಅಂಥವು. ಆದರೆ ಕೂದಲ ಬುಡ, ಬಾಯೊಳಗಿನ ಪದರ, ರಕ್ತ ತಯಾರಾಗುವ ಮೂಳೆಮಜ್ಜೆಯ ಕೋಶಗಳೂ ಅಂಥವೇ. ಅಂದು ಆಂಟಿಗೆ ನಿಜವಾದ ಸಮಾಧಾನ ಕೊಟ್ಟವರು ನರ್ಸ್: “ಒಂದೆರಡು ದಿನ ಮೂತ್ರ ಕೆಂಪಗೆ ಹೋಗಬಹುದು, ಅದು ಈ ಔಷಧದ ಬಣ್ಣ, ರಕ್ತ ಅಲ್ಲ. ಸೂಜಿ ಹತ್ತಿರ ಉರಿದರೆ ತಕ್ಷಣ ಕರೀರಿ.” ಆಗುವುದನ್ನು ಆಗುತ್ತದೆ ಎಂದೇ ಹೇಳಿದ್ದರಿಂದ ಆಂಟಿಯ ಮುಖ ಸಡಿಲವಾಯಿತು.

ಭಯಪಟ್ಟರೆ ವಿಶ್ವಾಸ ಕಡಿಮೆ ಎಂದು ನಮ್ಮಲ್ಲಿ ಹಲವರು ಭಾವಿಸುತ್ತೇವೆ. ಗೆತ್ಸೆಮನಿಯಲ್ಲಿ ಯೇಸುಸ್ವಾಮಿಯೇ ಕಳವಳಪಟ್ಟರು. ಮೂವರು ಶಿಷ್ಯರನ್ನು ಅವರು ಕೇಳಿಕೊಂಡದ್ದು ಜೊತೆಯಲ್ಲಿ ಎಚ್ಚರವಾಗಿರಿ ಎಂದು. ಧೈರ್ಯ ಹೇಳಿ ಎಂದಲ್ಲ.

ಹಾಗಾದರೆ ಧೈರ್ಯ ಹೇಳುವುದೇ ತಪ್ಪೇ? ತಪ್ಪಲ್ಲ. ಆದರೆ ಮೊದಲು ಕೇಳಿಸಿಕೊಳ್ಳಬೇಕು, ಆಮೇಲೆ ಹೇಳಬೇಕು.

ರೋಗಿಯನ್ನು ನೋಡಲು ಹೋಗುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಕೀಮೋ ಆದ ಮೇಲೆ, ಸಾಮಾನ್ಯವಾಗಿ 7ರಿಂದ 14 ದಿನಗಳ ನಡುವೆ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ತೀರಾ ಇಳಿಯುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ, ರಾತ್ರಿಯಾದರೂ, ತಡಮಾಡದೆ ಆಸ್ಪತ್ರೆಗೆ ತಿಳಿಸಬೇಕು. ನಾವೋ ಅದೇ ವಾರ ನೆಗಡಿ, ಕೆಮ್ಮು ಲೆಕ್ಕಿಸದೆ ಗುಂಪಾಗಿ ಹೋಗಿ ಮಂಚದ ಸುತ್ತ ಕೂರುತ್ತೇವೆ. ಹೋಗದಿದ್ದರೆ ಜನ ಏನಂದಾರು ಎಂಬ ಚಿಂತೆ ನಮ್ಮದು, ಅಪಾಯ ಅವರದು.

ಆದ್ದರಿಂದ ನಮ್ಮ ಯುವಜನರ ಗುಂಪು ಒಂದು ತೀರ್ಮಾನಕ್ಕೆ ಬಂದಿದೆ. ಬರಬಹುದೇ ಎಂದು ಮೊದಲು ಫೋನಿನಲ್ಲಿ ಕೇಳುತ್ತೇವೆ. ಬೇಡ ಎಂದರೆ ಬೇಸರಪಡುವುದಿಲ್ಲ. ಬೇಕಾದ ದಿನಸಿ ತಂದು ಬಾಗಿಲಲ್ಲಿಟ್ಟು ಬರುತ್ತೇವೆ. ಆಸ್ಪತ್ರೆಗೆ ಹೋಗುವ ದಿನ ಜೊತೆಗಿರುತ್ತೇವೆ. ಪ್ರಾರ್ಥನೆಯನ್ನು ನಮ್ಮ ನಮ್ಮ ಮನೆಗಳಿಂದಲೂ ಮಾಡಬಹುದು.

ಎರಡನೇ ಕೀಮೋಗೆ ನಾವು ಬರೋದಾ ಎಂದು ಆಂಟಿಯನ್ನು ಕೇಳಿದೆವು.

“ಬನ್ನಿ,” ಎಂದು ನಕ್ಕರು, “ಆದ್ರೆ ಈ ಸಲ ದಾರೀಲಿ ನಾನು ಮಾತಾಡ್ತೀನಿ.”