ಸ್ವಪರಿಚಯವೂ ಆತ್ಮಶ್ಲಾಘನೆಯೂ

ಕರ್ಣಪರ್ವದಲ್ಲಿ ಒಂದು ಪ್ರಸಂಗವುಂಟು. ಗಾಂಡೀವವನ್ನು ಮತ್ತೊಬ್ಬನಿಗೆ ಕೊಟ್ಟುಬಿಡು ಎಂದು ಹೇಳಿದವನನ್ನು ಕೊಲ್ಲುವೆನೆಂದು ಅರ್ಜುನನು ಹಿಂದೆಯೇ ವ್ರತ ತೊಟ್ಟಿದ್ದನು. ಕರ್ಣನ ಬಾಣಗಳಿಂದ ನೊಂದು ಪಾಳೆಯಕ್ಕೆ ಮರಳಿದ್ದ ಧರ್ಮರಾಯನು ಕೋಪದ ಭರದಲ್ಲಿ ಅದೇ ಮಾತನ್ನಾಡಿದನು. ಅಣ್ಣನನ್ನು ಕೊಲ್ಲಲೂ ಆರದೆ, ವ್ರತವನ್ನು ಮುರಿಯಲೂ ಆರದೆ ನಿಂತ ಅರ್ಜುನನಿಗೆ ಶ್ರೀಕೃಷ್ಣನು ಒಂದು ಉಪಾಯವನ್ನು ಹೇಳಿಕೊಟ್ಟನು: ಹಿರಿಯನನ್ನು ಏಕವಚನದಿಂದ ನಿಂದಿಸಿದರೆ ಅದೇ ಅವನ ವಧೆ. ಹಾಗೆ ನಿಂದಿಸಿದ ಮೇಲೆ ಪಶ್ಚಾತ್ತಾಪಗೊಂಡು ತನ್ನನ್ನೇ ಕೊಂದುಕೊಳ್ಳಲು ಅರ್ಜುನನು ಕತ್ತಿಯನ್ನು ಹಿರಿದಾಗ ಕೃಷ್ಣನು ಎರಡನೆಯ ಉಪಾಯವನ್ನು ಹೇಳಿದನು: ನಿನ್ನ ಗುಣಗಳನ್ನು ನಿನ್ನ ಬಾಯಿಂದಲೇ ಹೇಳಿಕೊ, ಅದೇ ನಿನ್ನ ಮರಣ. ಆತ್ಮಪ್ರಶಂಸೆಯು ಆತ್ಮಹತ್ಯೆಗೆ ಸಮವೆಂಬ ತತ್ತ್ವವನ್ನು ಇದಕ್ಕಿಂತ ತೀಕ್ಷ್ಣವಾಗಿ ಹೇಳಿದ ಕಥೆ ಬೇರೊಂದಿರಲಾರದು.

ಈ ಕಥೆಯನ್ನು ಕೇಳುತ್ತ ಬೆಳೆದ ನಾಡಿನಲ್ಲಿ ನಾಟಕಕಾರನ ಮುಂದೆ ಈಗ ಒಂದು ಬಿಳಿಯ ಹಾಳೆಯು ಬಂದು ಬೀಳುತ್ತದೆ. ನಾಟಕಕಾರರ ಸಂಘಗಳು ತಮ್ಮ ಸದಸ್ಯರಲ್ಲಿ ಪ್ರತಿಯೊಬ್ಬರಿಂದಲೂ ಒಂದು ಪುಟದ ಪರಿಚಯವನ್ನು ಬರೆಯಿಸಿಕೊಳ್ಳುವುದು ಲೋಕದಲ್ಲಿ ರೂಢಿಯಾಗಿದೆ. ಭಾವಚಿತ್ರ, ಹುಟ್ಟಿದ ಊರು, ಓದು, ಬರೆದ ನಾಟಕಗಳು, ಪಡೆದ ಬಹುಮಾನಗಳು, ಪಂಡಿತರು ಆಡಿದ ಮೆಚ್ಚುಮಾತುಗಳು ಇವೆಲ್ಲವನ್ನೂ ಸದಸ್ಯನೇ ತುಂಬಬೇಕು. ಹತ್ತು ಪಾತ್ರಗಳ ಬಾಯಲ್ಲಿ ನಿರರ್ಗಳವಾಗಿ ಮಾತನಾಡಿದ ಲೇಖನಿಯು ಇಲ್ಲಿ ತಡವರಿಸುತ್ತದೆ. ಬರೆದರೆ ಆತ್ಮಶ್ಲಾಘನೆಯಾದೀತು; ಬರೆಯದಿದ್ದರೆ ನಾಟಕವು ಮೂಲೆಗೆ ಬಿದ್ದೀತು. ಈ ಸಂಕಟದಲ್ಲಿ ಧರ್ಮವು ಯಾವ ಕಡೆಗಿದೆ ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಪೂರ್ವಪಕ್ಷವು ಬಲವಾಗಿಯೇ ಇದೆ. ಕಾವ್ಯಪ್ರಕಾರಗಳಲ್ಲೆಲ್ಲ ಕವಿಯು ತನ್ನ ಸ್ವಂತ ದನಿಯನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕಾದುದು ನಾಟಕದಲ್ಲಿ. ಭಾವಗೀತೆಯ ಕವಿಯು ತನ್ನ ದುಃಖವನ್ನು ತಾನೇ ಹೇಳಿಕೊಳ್ಳುವನು. ಕಥೆಗಾರನು ನಡುವೆ ಬಂದು ಒಂದು ಮಾತು ಸೇರಿಸುವನು. ನಾಟಕಕಾರನಿಗೆ ಆ ಅವಕಾಶವಿಲ್ಲ. ರಾಜನೂ ವಿದೂಷಕನೂ ಆಡುವುದೆಲ್ಲ ಅವನದೇ ಮಾತಾದರೂ ಒಂದೂ ಅವನ ಹೆಸರಿನಲ್ಲಿಲ್ಲ. ತನ್ನನ್ನು ಅಳಿಸಿಕೊಳ್ಳುವುದೇ ಯಾವ ಕಲೆಯ ಮೊದಲ ನಿಯಮವೋ ಆ ಕಲೆಯನ್ನು ಹಿಡಿದವನು ತೆರೆಯ ಮುಂದೆ ಬಂದು ತನ್ನ ಕುಲಗೋತ್ರಗಳನ್ನು ಹೇಳಿಕೊಳ್ಳುವುದು ಆ ಕಲೆಗೇ ದ್ರೋಹವಲ್ಲವೆ? ಮೌನವೇ ಅವನಿಗೆ ಭೂಷಣವಲ್ಲವೆ?

ಆದರೆ ಮೌನದ ಫಲವೇನೆಂಬುದನ್ನು ಭಾಸನ ಚರಿತ್ರೆಯಲ್ಲಿ ಕಾಣಬಹುದು. ಮಾಳವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಕಾಳಿದಾಸನು ಹಿಂದಿನ ಹೆಸರಾಂತ ಕವಿಗಳನ್ನು ನೆನೆಯುವಾಗ ಭಾಸನ ಹೆಸರನ್ನು ಎತ್ತಿದ್ದಾನೆ. ಬಾಣಭಟ್ಟನು ಹರ್ಷಚರಿತದ ಆರಂಭದಲ್ಲಿ ಅವನನ್ನು ಕೊಂಡಾಡಿದ್ದಾನೆ. ಅಷ್ಟು ಕೀರ್ತಿವಂತನ ನಾಟಕಗಳು ಶತಮಾನಗಳ ಕಾಲ ಪಂಡಿತಲೋಕದ ಕಣ್ಣಿಗೆ ಬೀಳಲಿಲ್ಲ. ತಿರುವನಂತಪುರದ ಟಿ. ಗಣಪತಿಶಾಸ್ತ್ರಿಗಳು ಮಲೆಯಾಳ ಲಿಪಿಯ ತಾಳೆಯೋಲೆಗಳಿಂದ ಹದಿಮೂರು ನಾಟಕಗಳನ್ನು ಎತ್ತಿ 1912ರಿಂದ ಅಚ್ಚುಮಾಡಿಸಿದಾಗ, ಅವುಗಳ ಸ್ಥಾಪನೆಯಲ್ಲಿ ಕವಿಯ ಹೆಸರೇ ಇರಲಿಲ್ಲ. ಸ್ವಪ್ನವಾಸವದತ್ತವು ಭಾಸನದೆಂದು ಪೂರ್ವಿಕರು ಹೇಳಿದ್ದ ಮಾತಿನ ಆಧಾರದಿಂದ ಉಳಿದ ನಾಟಕಗಳನ್ನೂ ಅವನಿಗೆ ಸೇರಿಸಬೇಕಾಯಿತು. ಎಲ್ಲವೂ ಅವನವೇ, ಕೆಲವು ಮಾತ್ರವೇ, ಅಥವಾ ರಂಗಕ್ಕಾಗಿ ಬೇರೆಯವರು ತಿದ್ದಿದುವೇ ಎಂಬ ವಾದವು ಇಂದಿಗೂ ತೀರಿಲ್ಲ. ಊರುಭಂಗದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಗೆ ಅವನ ಎಳೆಯ ಮಗನು ಬರುವ ಸಂದರ್ಭವನ್ನು ಓದಿ ಕಣ್ಣೀರು ತಂದುಕೊಂಡವನಿಗೆ, ಯಾರಿಗೆ ಕೈಮುಗಿಯಬೇಕೆಂಬುದು ನಿಶ್ಚಯವಾಗಿ ತಿಳಿಯದು. ಹೆಸರು ಬಿಟ್ಟುಹೋದುದು ಕವಿಯ ವಿನಯದಿಂದಲೋ, ಕಾಲದ ಪದ್ಧತಿಯಿಂದಲೋ, ಓಲೆಯನ್ನು ನಕಲು ಮಾಡಿದವರಿಂದಲೋ ಹೇಗೇ ಇರಲಿ, ನಷ್ಟವು ಓದುಗನದು.

ಹೆಸರು ಕೇವಲ ಮಾನದ ಮಾತೂ ಅಲ್ಲ, ಅನ್ನದ ಮಾತೂ ಹೌದು. ಹದಿನೆಂಟನೆಯ ಶತಮಾನದ ಪ್ಯಾರಿಸ್ ನಗರದಲ್ಲಿ, ಒಂದು ನಾಟಕದ ಉತ್ಪತ್ತಿಯು ಗೊತ್ತಾದ ಮೊತ್ತಕ್ಕಿಂತ ಕೆಳಗಿಳಿದರೆ ಆ ನಾಟಕವು ನಟಮಂಡಲಿಯ ಸೊತ್ತಾಗಿಬಿಡುತ್ತಿತ್ತು. ಬರೆದವನಿಗೆ ಲೆಕ್ಕವನ್ನು ಕೇಳಲು ಸಹ ದಾರಿ ಸುಗಮವಾಗಿರಲಿಲ್ಲ. ಬೊಮಾರ್ಶೆ ಎಂಬ ನಾಟಕಕಾರನು 1777ರ ಜುಲೈ ತಿಂಗಳಿನಲ್ಲಿ ತನ್ನ ಸಮಾನವೃತ್ತಿಯವರನ್ನು ಒಂದೆಡೆ ಸೇರಿಸಿ, ನಾಟಕಕಾರರ ಮೊದಲ ಸಂಘಕ್ಕೆ ಅಡಿಗಲ್ಲನ್ನಿಟ್ಟನು. ಆ ಹೋರಾಟದ ಫಲವಾಗಿ 1791ರಲ್ಲಿ ಫ್ರಾನ್ಸಿನ ಶಾಸನಸಭೆಯು, ಬದುಕಿರುವ ನಾಟಕಕಾರನ ಬರೆಹರೂಪದ ಒಪ್ಪಿಗೆಯಿಲ್ಲದೆ ಅವನ ನಾಟಕವನ್ನು ಆಡಕೂಡದೆಂದು ವಿಧಿಸಿತು. ಭಾರತದಲ್ಲಿ 1957ರ ಕೃತಿಸ್ವಾಮ್ಯದ ಕಾಯಿದೆಯು, ಹಕ್ಕನ್ನು ಮಾರಿಬಿಟ್ಟ ಮೇಲೂ ಕೃತಿಯು ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಕರ್ತೃವಿಗೆ ಉಳಿಸಿಕೊಟ್ಟಿದೆ. ‘ಇದು ನನ್ನದು’ ಎಂಬುದು ಎಲ್ಲ ಕಾಲದಲ್ಲಿಯೂ ಅಹಂಕಾರದ ಮಾತಲ್ಲ. ಕೆಲವು ವೇಳೆ ಅದು ಹೊಣೆಯನ್ನು ಒಪ್ಪಿಕೊಳ್ಳುವ ಮಾತು. ನಾಟಕದಲ್ಲಿ ದೋಷವಿದ್ದರೆ ಯಾರನ್ನು ಕೇಳಬೇಕು, ಆಡಬೇಕಾದರೆ ಯಾರ ಅನುಮತಿಯನ್ನು ಪಡೆಯಬೇಕು ಎಂಬುದಕ್ಕೆ ಉತ್ತರವಿರಬೇಕಷ್ಟೆ.

ಕನ್ನಡ ರಂಗಭೂಮಿಯಲ್ಲಿಯೂ ಇದಕ್ಕೆ ನಿದರ್ಶನಗಳಿವೆ. ಸದಾರಮೆ ನಾಟಕವೆಂದೊಡನೆ ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರವು ಹಿರಿಯರ ನೆನಪಿಗೆ ಬರುತ್ತದೆ. ಅದನ್ನು ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳ ಹೆಸರು ಅಷ್ಟು ಬೇಗ ನಾಲಗೆಗೆ ಬರುವುದಿಲ್ಲ. ನಟನ ಕೀರ್ತಿಯು ನ್ಯಾಯವಾಗಿಯೇ ಬಂದುದು. ಆದರೆ ಅದರ ನೆರಳಿನಲ್ಲಿ ಬರೆದವನು ಮರೆಯಾಗಬೇಕೆಂಬ ನಿಯಮವಿಲ್ಲ. ಇನ್ನು ‘ಸಂಸ’ ಎಂಬ ಎರಡಕ್ಷರದ ಹಿಂದೆ ತನ್ನನ್ನು ಮರೆಮಾಡಿಕೊಂಡ ನಾಟಕಕಾರನ ಕಥೆ ಮತ್ತಷ್ಟು ಕರುಣಾಜನಕವಾದುದು. ಮೈಸೂರು ಅರಸರ ಚರಿತ್ರೆಯನ್ನು ವಿಗಡ ವಿಕ್ರಮರಾಯ, ಸುಗುಣ ಗಂಭೀರ ಮೊದಲಾದ ನಾಟಕಗಳಾಗಿ ಕಟ್ಟಿದ ಅವರು 1939ರಲ್ಲಿ ತೀರಿಕೊಂಡರು. ಬರೆದರೆಂದು ಹೇಳುವ ಇಪ್ಪತ್ತಕ್ಕೂ ಮೀರಿದ ನಾಟಕಗಳಲ್ಲಿ ಉಳಿದುಬಂದುವು ಆರು ಮಾತ್ರ. ಇರುವುದೇನು, ಎಲ್ಲಿದೆ, ಯಾರ ಕೈಯಲ್ಲಿದೆ ಎಂಬ ಒಂದು ಪುಟದ ಟಿಪ್ಪಣಿಯು ಉಳಿದುವೆಲ್ಲವನ್ನೂ ಕಾಪಾಡುತ್ತಿತ್ತೆಂದು ಹೇಳಲಾಗದು. ಆದರೆ ಹುಡುಕುವವನಿಗೆ ಎಲ್ಲಿ ಹುಡುಕಬೇಕೆಂಬುದಾದರೂ ತಿಳಿಯುತ್ತಿತ್ತು.

ಆದುದರಿಂದ ಮೌನವನ್ನು ಕಣ್ಣುಮುಚ್ಚಿ ವಿನಯವೆಂದು ಕರೆಯಲಾಗದು. ಹಾಗಾದರೆ ಮಾತಿಗೆ ಮಿತಿ ಯಾವುದು? ಈ ವಿಷಯದಲ್ಲಿ ನಾಟ್ಯಶಾಸ್ತ್ರವು ನೆರವಿಗೆ ಬರುತ್ತದೆ. ಭಾರತೀವೃತ್ತಿಯ ನಾಲ್ಕು ಅಂಗಗಳಲ್ಲಿ ಪ್ರರೋಚನೆಯೂ ಒಂದು. ಕೃತಿಯನ್ನೂ ಕರ್ತೃವನ್ನೂ ಪ್ರಶಂಸಿಸಿ ಸಭಿಕರ ಮನಸ್ಸನ್ನು ಆಟದ ಕಡೆಗೆ ತಿರುಗಿಸುವುದೇ ಅದರ ಕೆಲಸ. ಇಲ್ಲಿ ಶಾಸ್ತ್ರಕಾರರು ಪ್ರಶಂಸೆಯನ್ನು ನಿಷೇಧಿಸಲಿಲ್ಲ. ಅದಕ್ಕೆ ಒಂದು ಪ್ರಯೋಜನವನ್ನು ಗೊತ್ತುಮಾಡಿದರು. ಸಭಿಕನ ದೃಷ್ಟಿಯು ನಾಟಕದ ಕಡೆಗೆ ತಿರುಗಿತೋ, ಪ್ರರೋಚನೆಯ ಕೆಲಸ ಮುಗಿಯಿತು. ಆ ದೃಷ್ಟಿಯನ್ನು ಕವಿಯ ಮೇಲೆಯೇ ನಿಲ್ಲಿಸಿಕೊಳ್ಳುವ ಮಾತು ಎಷ್ಟೇ ಸತ್ಯವಾಗಿದ್ದರೂ ಅಪ್ರಯೋಜಕ. ಬಾಗಿಲಿನಲ್ಲಿ ನಿಂತು ಅತಿಥಿಯನ್ನು ಒಳಗೆ ಕರೆಯುವವನು ಬಾಗಿಲಿಗೇ ಅಡ್ಡವಾಗಿ ನಿಂತಂತೆ ಅದು.

ಭವಭೂತಿಯ ಮಾತು ಇಲ್ಲಿ ಪ್ರಮಾಣ. ತನ್ನನ್ನು ಕುರಿತು ಹೇಳಿಕೊಳ್ಳಲು ಅವನು ಹಿಂಜರಿದವನಲ್ಲ. ವಿದರ್ಭದ ಪದ್ಮಪುರ, ಕಾಶ್ಯಪಗೋತ್ರ, ತೈತ್ತಿರೀಯ ಶಾಖೆ, ಅಜ್ಜ ಭಟ್ಟಗೋಪಾಲ, ತಂದೆ ನೀಲಕಂಠ, ತಾಯಿ ಜಾತುಕರ್ಣಿ ಎಲ್ಲವನ್ನೂ ಅವನ ಪ್ರಸ್ತಾವನೆಗಳಿಂದಲೇ ಲೋಕವು ತಿಳಿದುಕೊಂಡಿದೆ. ಕಾಳಿದಾಸನು ತನ್ನ ಮೂರು ನಾಟಕಗಳಲ್ಲಿಯೂ ಹೆಸರನ್ನುಳಿದು ಬೇರೇನನ್ನೂ ಹೇಳಿಕೊಳ್ಳದೆ, ಅವನ ಊರು ಕಾಲಗಳನ್ನು ಹುಡುಕುವ ಕೆಲಸವು ಪಂಡಿತರಿಗೆ ಉಳಿದಿರುವುದನ್ನು ನೋಡಿದರೆ, ಭವಭೂತಿಗೆ ಕೃತಜ್ಞತೆಯನ್ನು ಸಲ್ಲಿಸಲೇಬೇಕು. ಆದರೆ ಅದೇ ಭವಭೂತಿಯು ಮಾಲತೀಮಾಧವದ ಪ್ರಸ್ತಾವನೆಯಲ್ಲಿ, ವೇದಾಧ್ಯಯನ, ಉಪನಿಷತ್ತು, ಸಾಂಖ್ಯ, ಯೋಗಗಳ ಜ್ಞಾನವನ್ನು ಹೇಳಿಕೊಂಡು ಫಲವೇನು, ಅದರಿಂದ ನಾಟಕಕ್ಕೆ ಗುಣವುಂಟಾಗದು, ಮಾತಿನ ಪ್ರೌಢಿಮೆಯೂ ಅರ್ಥದ ಗೌರವವೂ ಇದ್ದರೆ ಅವೇ ಪಾಂಡಿತ್ಯಕ್ಕೆ ಸಾಕ್ಷಿ ಎಂಬ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಇಂದು ಪದವಿಗಳ ಅಕ್ಷರಮಾಲೆಯನ್ನು ಹೆಸರಿನ ಹಿಂದೆ ಪೋಣಿಸುವವನು ಈ ಮಾತನ್ನು ಒಮ್ಮೆ ನೆನೆದರೆ ಒಳ್ಳೆಯದು. ವಂಶವನ್ನು ಹೇಳಿದುದು ಗುರುತಿಗಾಗಿ. ವಿದ್ಯೆಯನ್ನು ಬಿಟ್ಟುದು ನಾಟಕವೇ ಅದನ್ನು ತೋರಿಸಬೇಕೆಂಬುದಕ್ಕಾಗಿ.

ಇಲ್ಲಿ ಸೂಕ್ಷ್ಮವಾದ ಮತ್ತೊಂದು ವಿಷಯವುಂಟು. ಪ್ರಸ್ತಾವನೆಯಲ್ಲಿ ಕವಿಯನ್ನು ಹೊಗಳುವವನು ಸೂತ್ರಧಾರ. ಮಾತು ಕವಿಯದೇ ಆದರೂ ಅದನ್ನು ಆಡುವವನು ತನ್ನ ಮಂಡಲಿಯ ಮಾನವನ್ನು ಆ ನಾಟಕದ ಮೇಲೆ ಒಡ್ಡಿ ನಿಂತಿರುತ್ತಾನೆ. ಆಟ ಕೆಟ್ಟರೆ ಅಪಕೀರ್ತಿ ಅವನಿಗೂ ತಟ್ಟುತ್ತದೆ. ಹೊಗಳಿಕೆಯ ನಿಜವು ಕೆಲವು ಗಳಿಗೆಗಳಲ್ಲಿಯೇ ಸಭೆಯ ಮುಂದೆ ಪರೀಕ್ಷೆಗೊಳಗಾಗುತ್ತದೆ. ಈಗಿನ ಪರಿಚಯಪತ್ರಗಳಲ್ಲಿಯೋ ಸದಸ್ಯನು ತನ್ನನ್ನೇ ಪ್ರಥಮಪುರುಷದಲ್ಲಿ ‘ಇವರು ನಾಡಿನ ಅಗ್ರಗಣ್ಯ ನಾಟಕಕಾರರು’ ಎಂದು ಬರೆದುಕೊಳ್ಳುವುದುಂಟು. ‘ಇವರು’ ಎಂಬ ಸರ್ವನಾಮದ ಹಿಂದೆ ‘ನಾನು’ ಎಂಬುದು ಅಡಗಿ ಕುಳಿತಿರುತ್ತದೆ. ಓದುವವನು ಇದನ್ನು ಸಂಘದ ಮಾತೆಂದು ನಂಬುವನು. ಸಂಘವೋ ಸದಸ್ಯನ ಮಾತೆಂದು ಕೈತೊಳೆದುಕೊಳ್ಳುವುದು. ಸೂತ್ರಧಾರನಿಲ್ಲದ ಪ್ರರೋಚನೆ ಇದು. ಹೊಣೆ ಹೊರುವವರು ಯಾರೂ ಇಲ್ಲ. ನೇರವಾಗಿ ‘ನಾನು’ ಎಂದು ಬರೆಯುವುದು ಇದಕ್ಕಿಂತ ಪ್ರಾಮಾಣಿಕ. ತನ್ನ ಹೆಸರಿನಲ್ಲಿ ತಾನು ಆಡಲು ನಾಚುವ ಮಾತನ್ನು ಮರೆಯಲ್ಲಿ ನಿಂತು ಆಡಕೂಡದು.

ಮೃಚ್ಛಕಟಿಕದ ಪ್ರಸ್ತಾವನೆಯು ಈ ಮಾತಿಗೆ ಒಂದು ವಿನೋದದ ಸಾಕ್ಷಿಯನ್ನು ಒದಗಿಸುತ್ತದೆ. ಕವಿಯಾದ ಶೂದ್ರಕನು ಋಗ್ವೇದ ಸಾಮವೇದಗಳನ್ನೂ ಗಣಿತವನ್ನೂ ಗಜಶಾಸ್ತ್ರವನ್ನೂ ಬಲ್ಲವನೆಂದೂ, ಅಶ್ವಮೇಧವನ್ನು ಮಾಡಿದವನೆಂದೂ, ನೂರು ವರ್ಷ ಹತ್ತು ದಿನ ಬದುಕಿ ಅಗ್ನಿಪ್ರವೇಶ ಮಾಡಿದನೆಂದೂ ಅಲ್ಲಿದೆ. ತನ್ನ ಸಾವನ್ನು ತಾನೇ ಭೂತಕಾಲದಲ್ಲಿ ಬರೆದ ಕವಿಯು ಲೋಕದಲ್ಲಿಲ್ಲ. ಆದುದರಿಂದ ಆ ಶ್ಲೋಕಗಳನ್ನು ಬೇರೆಯವರು ಸೇರಿಸಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಹೊಗಳಿಕೆಯು ಅಷ್ಟು ಹೆಚ್ಚಿದುದರಿಂದ ಆದ ಫಲವೇನೆಂದರೆ, ಶೂದ್ರಕನೆಂಬವನು ಇದ್ದನೇ ಎಂಬ ಸಂಶಯ. ಅದೇ ನಾಟಕದಲ್ಲಿ ದರಿದ್ರನಾದ ಚಾರುದತ್ತನ ಮನೆಯಲ್ಲಿ ಮಣ್ಣಿನ ಬಂಡಿ ಬೇಡ, ಚಿನ್ನದ ಬಂಡಿ ಬೇಕೆಂದು ಅಳುವ ಮಗುವನ್ನು ಕಂಡು ಮರುಗದವರಿಲ್ಲ, ಆ ಮಗುವಿನ ವಿಷಯದಲ್ಲಿ ಸಂಶಯಪಟ್ಟವರೂ ಇಲ್ಲ. ಅಶ್ವಮೇಧವು ಉಳಿಸಲಾರದ ಕವಿಯನ್ನು ಮಣ್ಣಿನ ಬಂಡಿಯು ಉಳಿಸಿತು.

ಇವನ್ನೆಲ್ಲ ಕೂಡಿಸಿ ನೋಡಿದರೆ ಪರಿಚಯದ ಪುಟದಲ್ಲಿ ಇರಬೇಕಾದುದು ಯಾವುದೆಂಬುದು ತೋರುತ್ತದೆ. ಒಂದೊಂದು ವಾಕ್ಯವನ್ನು ಬರೆದಾಗಲೂ, ಇದರಿಂದ ನಾಟಕವನ್ನು ಆಡಬಯಸುವವನಿಗೆ ಉಪಕಾರವೇ, ಬರೆದವನಿಗೆ ಮಾತ್ರ ಸಂತೋಷವೇ ಎಂದು ಕೇಳಿಕೊಳ್ಳಬೇಕು. ನಾಟಕದ ಹೆಸರು, ಬರೆದ ವರ್ಷ, ಸ್ತ್ರೀಪುರುಷ ಪಾತ್ರಗಳ ಸಂಖ್ಯೆ, ಆಡಲು ಹಿಡಿಯುವ ಹೊತ್ತು, ಅಚ್ಚಾಗಿದೆಯೇ ಹಸ್ತಪ್ರತಿಯಲ್ಲಿಯೇ ಇದೆಯೇ ಎಂಬುದು, ಅನುಮತಿಗಾಗಿ ಯಾರಿಗೆ ಬರೆಯಬೇಕೆಂಬುದು ಇವು ಮೊದಲು ಬರಬೇಕು. ಕತೆಯ ಸಾರವನ್ನು ನಾಲ್ಕು ಸಾಲುಗಳಲ್ಲಿ ಹೇಳಬೇಕು. ಹಳ್ಳಿಯ ಶಾಲೆಯ ಉಪಾಧ್ಯಾಯನೊಬ್ಬನು ವಾರ್ಷಿಕೋತ್ಸವಕ್ಕೆ ಆರು ಹುಡುಗಿಯರಿಂದ ಆಡಿಸಬಹುದಾದ ನಾಟಕವನ್ನು ಹುಡುಕುತ್ತಿದ್ದರೆ ಅವನಿಗೆ ಬೇಕಾದುದು ಇದು. ಗ್ರಂಥಕರ್ತನ ಕೊರಳಿನ ಹಾರಗಳಲ್ಲ.

ಋಣದ ಮಾತನ್ನು ಬಿಡಲೇಕೂಡದು. ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಸಿಂಗರಾರ್ಯನ ಮಿತ್ರವಿಂದಾ ಗೋವಿಂದವು ಈಗ ದೊರೆತಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದು. ಅದರ ಮೂಲವು ಶ್ರೀಹರ್ಷನ ರತ್ನಾವಳಿ ಎಂಬುದನ್ನು ತಿಳಿದವರು ಸಿಂಗರಾರ್ಯನನ್ನು ಕಡಿಮೆಯಾಗಿ ಎಣಿಸುವುದಿಲ್ಲ. ಅನುವಾದವಾಗಿದ್ದರೆ ಅನುವಾದವೆಂದೂ, ರೂಪಾಂತರವಾಗಿದ್ದರೆ ಯಾವುದರ ರೂಪಾಂತರವೆಂದೂ, ಹಾಡುಗಳನ್ನು ಮತ್ತೊಬ್ಬರು ಕಟ್ಟಿದ್ದರೆ ಅವರ ಹೆಸರನ್ನೂ ಕಾಣಿಸುವವನು ತನ್ನ ಪುಟದಲ್ಲಿ ಇತರರಿಗೂ ಮಣೆ ಹಾಕಿದಂತಾಗುತ್ತದೆ. ಆತ್ಮಶ್ಲಾಘನೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಕಡೆಗೆ ಒಂದು ಆಕ್ಷೇಪ ಉಳಿಯುತ್ತದೆ. ಎಲ್ಲರೂ ಕಹಳೆಯೂದುವ ಸಂತೆಯಲ್ಲಿ ಮೆಲುದನಿಯವನ ಸರಕನ್ನು ಕೊಳ್ಳುವವರಾರು? ಮಿತವಾಗಿ ಬರೆದವನ ನಾಟಕವು ಹಿಂದೆ ಬೀಳುವುದಿಲ್ಲವೆ? ಬೀಳಬಹುದು. ಆ ನಷ್ಟವೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು; ಸತ್ಯಕ್ಕೆ ಕೂಡಲೇ ಕೂಲಿ ದೊರೆಯುವುದೆಂದು ಯಾವ ಶಾಸ್ತ್ರವೂ ಮಾತು ಕೊಟ್ಟಿಲ್ಲ. ಆದರೆ ಈ ತಪ್ಪಿನಲ್ಲಿ ಬರೆಯುವವನಿಗಿಂತ ಬರೆಯಿಸುವವರ ಪಾಲು ಹೆಚ್ಚು. ಸಂಘವು ಮೊದಲು ಬಹುಮಾನಗಳನ್ನು ಕೇಳಿದರೆ ಸದಸ್ಯರು ಬಹುಮಾನಗಳನ್ನೇ ಹುಡುಕಿ ತುಂಬುವರು. ನಾಟಕವನ್ನು ಕೇಳಿದರೆ ನಾಟಕವನ್ನು ಹೇಳುವರು. ಪ್ರಶ್ನೆಗಳನ್ನು ಸರಿಯಾಗಿ ಇಟ್ಟರೆ ಸಂಕೋಚದ ಸ್ವಭಾವದವನೂ ಉತ್ತರಿಸಬಲ್ಲನು, ಬಡಾಯಿಯವನಿಗೂ ಬಡಾಯಿಗೆ ಜಾಗ ಸಿಕ್ಕದು. ಮೆಚ್ಚುಗೆಯ ಸಾಲುಗಳಿಗೆ ಸ್ಥಳ ಬೇಕೇ ಬೇಕಾದರೆ, ಅದನ್ನು ನಾಟಕವಾಡಿದವರು ತಮ್ಮ ಹೆಸರು ಹಾಕಿ ತುಂಬಲಿ. ಆಗ ಸೂತ್ರಧಾರನು ತನ್ನ ಸ್ಥಾನಕ್ಕೆ ಮರಳಿ ಬಂದಂತಾಗುವುದು. ಅಲ್ಲಿಯವರೆಗೆ ಆ ಸ್ಥಳವನ್ನು ಬರಿದಾಗಿ ಬಿಡುವುದರಲ್ಲಿ ನಾಟಕಕಾರನಿಗೆ ಅವಮಾನವೇನೂ ಇಲ್ಲ.