ಕಲಿಯುವವರ ಅಧಿಕಾರ

ಪೂರ್ವಮೀಮಾಂಸೆಯಲ್ಲಿ ‘ಅಧಿಕಾರ’ ಎಂದರೆ ಒಂದು ಕರ್ಮವನ್ನು ಆಚರಿಸಿ ಅದರ ಫಲವನ್ನು ಹೊಂದುವ ಅರ್ಹತೆ. ಜೈಮಿನಿ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಚರ್ಚೆಗೆ ಬರುವ ಈ ವಿಷಯವನ್ನು ಕುರಿತು ಮೀಮಾಂಸಕರು, ಫಲವನ್ನು ಬಯಸುವವನು, ಕರ್ಮವನ್ನು ನಡೆಸಲು ಶಕ್ತನಾದವನು, ಅದರ ವಿಧಿಯನ್ನು ಬಲ್ಲವನು ಮತ್ತು ಶಾಸ್ತ್ರನಿಷೇಧಕ್ಕೆ ಒಳಗಾಗದವನು ಅಧಿಕಾರಿ ಎಂದು ನಿರ್ಣಯಿಸಿದರು; ಇಂಥ ಲಕ್ಷಣಗಳನ್ನೇ ಹಿಡಿದು ಶೂದ್ರರನ್ನು ಯಜ್ಞದಿಂದ ಹೊರಗಿಟ್ಟದ್ದು ಆ ಸೂಕ್ಷ್ಮ ವಿಚಾರಕ್ಕೆ ಅಂಟಿದ ಕಳಂಕವೇ ಸರಿ. ಆದರೆ ಅಧ್ಯಯನದಿಂದ ದೊರೆಯದೆ ಮಾಡುತ್ತ ಮಾಡುತ್ತಲೇ ಕೈಗೆ ಹತ್ತುವ ವಿದ್ಯೆಗೆ ಅಧಿಕಾರಿ ಯಾರು? ಅರ್ಹತೆಯಿಲ್ಲದೆ ಮಾಡುವಂತಿಲ್ಲ, ಮಾಡದೆ ಅರ್ಹತೆ ಬರುವಂತಿಲ್ಲ.

ಅರಿಸ್ಟಾಟಲ್ ತನ್ನ ನೀತಿಗ್ರಂಥದ ಎರಡನೆಯ ಭಾಗದಲ್ಲಿ ಈ ತೊಡಕನ್ನೇ ಎದುರಿಸುತ್ತಾನೆ. ಸದಾಚಾರದಿಂದಲೇ ಸದ್ಗುಣ ಬರುವುದಾದರೆ ಸದ್ಗುಣವಿಲ್ಲದವನು ಅದನ್ನು ಆಚರಿಸುವುದು ಹೇಗೆಂಬ ಆಕ್ಷೇಪಕ್ಕೆ, ವ್ಯಾಕರಣ ತಿಳಿಯದವನೂ ಆಕಸ್ಮಿಕವಾಗಿಯೋ ಇನ್ನೊಬ್ಬರು ಹೇಳಿಕೊಟ್ಟಂತೆಯೋ ಸರಿಯಾದ ಪ್ರಯೋಗ ಮಾಡಬಲ್ಲನೆಂಬುದು ಅವನ ಉತ್ತರ.

ಭಾರತದ 1988ರ ಮೋಟಾರು ವಾಹನ ಕಾಯ್ದೆಯೂ 1989ರ ಕೇಂದ್ರ ನಿಯಮಗಳೂ ಇದೇ ದಾರಿ ಹಿಡಿದಿವೆ. ಕಾಯ್ದೆಯ 3ನೇ ಕಲಂ ಪರವಾನಗಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುವುದನ್ನು ನಿಷೇಧಿಸುತ್ತದೆ. ಜನರು ಎಲ್‌ಎಲ್‌ಆರ್ ಎನ್ನುವ ಕಲಿಕಾ ಪರವಾನಗಿಯು ಆ ನಿಷೇಧಕ್ಕೆ ಆರು ತಿಂಗಳ ಮಟ್ಟಿಗೆ ಷರತ್ತಿನ ವಿನಾಯಿತಿಯಾಗಿದ್ದು, ಅದನ್ನು ಪಡೆದು 30 ದಿನ ಕಳೆಯುವ ತನಕ ಚಾಲನಾ ಪರೀಕ್ಷೆಗೆ ಹೋಗುವಂತಿಲ್ಲ. ವಾಹನದ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು ‘ಎಲ್’ ಅಕ್ಷರವಿರಬೇಕು, ಪರವಾನಗಿಯುಳ್ಳ ಬೋಧಕರು ಜೊತೆಗಿದ್ದು ವಾಹನವನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಅನುವಾಗುವಂತೆ ಕುಳಿತಿರಬೇಕು. ಯಜ್ಞದಲ್ಲಿ ಅಧಿಕಾರ ಯಜಮಾನನದು, ಕೈಕೆಲಸ ಬಹುಮಟ್ಟಿಗೆ ಋತ್ವಿಜರದು; ಇಲ್ಲಿ ಕೈಕೆಲಸ ಕಲಿಯುವವರದು, ಅದಕ್ಕೆ ಬೇಕಾದ ಪರಿಣತಿ ಮಾತ್ರ ಪಕ್ಕದವರಿಂದ ಪಡೆದ ಕಡ.

ಇನ್ನೂ ಕಠಿಣವಾದ ಪ್ರಶ್ನೆಯೊಂದಿದೆ. ಯಜ್ಞದಲ್ಲಿ ತಪ್ಪಾದರೆ ಫಲ ಕೆಡುವುದು ಯಜಮಾನನಿಗೆ, ರಸ್ತೆಯಲ್ಲಿ ತಪ್ಪಾದರೆ ಪೆಟ್ಟು ಬೀಳುವುದು ಈ ಕಲಿಕೆಗೆ ಒಪ್ಪಿಗೆಯನ್ನೇ ಕೊಡದ ಪಾದಚಾರಿಗೆ. ಚಾಲಕರಿಲ್ಲದೆ ಸಮಾಜ ನಡೆಯದು ಎಂಬ ಸಮರ್ಥನೆಯೊಂದೇ ಇದಕ್ಕೆ ಸಾಲದು. ಅಪಾಯವನ್ನು ಮೊದಲೇ ಸಾರುವ ಫಲಕ ಮತ್ತು ಅದನ್ನು ತಡೆಯಬಲ್ಲ ಬೋಧಕ, ಇವೆರಡೂ ಇದ್ದಾಗ ಮಾತ್ರ ಆ ಸಮರ್ಥನೆ ನಿಲ್ಲುತ್ತದೆ. ಆದ್ದರಿಂದ ಎಲ್ ಫಲಕ ಹಚ್ಚಿ, ಬೋಧಕರಿಲ್ಲದೆ ಒಬ್ಬರೇ ಕಾರು ಓಡಿಸುವವರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅವರು ಪರವಾನಗಿಯಿಲ್ಲದೆ ಓಡಿಸಿದವರೇ, ನೀತಿಯ ದೃಷ್ಟಿಯಲ್ಲಿಯೂ ಹಾಗೆಯೇ ಎನ್ನಬೇಕು.