ಕುರ್ಲಾದಿಂದ ಬಂದ ಇಂಜಿನ್

ಮುಂಬಯಿಯ ಮಲಾಡ್ ಸಬ್‌ವೇಯಲ್ಲಿ ನೀರು ನಿಲ್ಲದ ಮಳೆಗಾಲವಿಲ್ಲ. ರೈಲು ಹಳಿಯ ಕೆಳಗೆ ಪೂರ್ವ ಪಶ್ಚಿಮಗಳನ್ನು ಜೋಡಿಸುವ ಆ ದಾರಿ ಮುಚ್ಚಿತೆಂದರೆ ಎಸ್.ವಿ. ರೋಡಿನಿಂದ ಹೈವೇ ಸೇರಲು ದೊಡ್ಡ ಸುತ್ತು ಹಾಕಬೇಕು. ಮೊಣಕಾಲು ಮಟ್ಟದ ನೀರು ತಾನೆ, ದಾಟಿಬಿಡೋಣ ಎಂದು ಸಬ್‌ವೇಗೋ ತಗ್ಗಿನ ಗಲ್ಲಿಗೋ ಇಳಿಸಿದ ಕಾರುಗಳು ಮರುದಿನ ಹಗ್ಗಕ್ಕೆ ಬಿಗಿಸಿಕೊಂಡು ಗ್ಯಾರೇಜಿಗೆ ಬರುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸಿಗೆ 944 ಮಿ.ಮೀ. ಮಳೆ ಸುರಿದದ್ದನ್ನು ಕಂಡವರು ಇಲ್ಲಿನ ಹಳೆಯ ಮೆಕ್ಯಾನಿಕ್‌ಗಳು. ನೀರು ಕುಡಿದ ಇಂಜಿನ್ ಎಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಏರ್ ಫಿಲ್ಟರ್ ದಾಟಿ ಸಿಲಿಂಡರಿಗೆ ನೀರು ಹೊಕ್ಕಾಗ ಪಿಸ್ಟನ್ ಮೇಲೇರಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಕೆಲವೊಮ್ಮೆ ಮುರಿದು ಬ್ಲಾಕನ್ನೇ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ನಿಂತ ಕಾರನ್ನು ನೀರಿನಲ್ಲೇ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ನೋಡಿದರೆ ಕೆಲಸ ಅಲ್ಲಿಗೇ ಮುಗಿಯಿತು. ಸಾಮಾನ್ಯ ವಿಮೆಯವರು ಈ ಹಾನಿಗೆ ಹಣ ಕೊಡುವುದಿಲ್ಲ. ಇಂಜಿನ್ ರಕ್ಷಣೆ ಎಂದು ಬೇರೆಯಾಗಿ ಪ್ರೀಮಿಯಂ ಕಟ್ಟಿದವರಿಗಷ್ಟೇ ಆ ಭಾಗ್ಯ, ಹದಿನೈದು ವರ್ಷ ದಾಟಿದ ಗಾಡಿಗೆ ಅದು ಸಿಗುವುದೂ ಕಷ್ಟ.

ನಮ್ಮ ಗಲ್ಲಿಯಲ್ಲಿ ಸಣ್ಣ ಸಮಾರಂಭಗಳಿಗೆ ಅಡುಗೆ ಮಾಡಿಕೊಡುವ ಕುಂದಾಪುರದ ಕಡೆಯ ದಂಪತಿಯ ಕಾರಿಗೆ ಹೀಗೇ ಆಯಿತು. 2008ರ ವ್ಯಾಗನ್ ಆರ್. ಹದಿನೈದು ವರ್ಷ ತುಂಬಿದಾಗ ಫಿಟ್‌ನೆಸ್ ತೋರಿಸಿ, ಪರಿಸರ ತೆರಿಗೆ ತುಂಬಿ, 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5,000ಕ್ಕೆ ಏರಿದ ಮರುನೋಂದಣಿ ಶುಲ್ಕವನ್ನೂ ಕಟ್ಟಿದ್ದರು. ಬಾಡಿಗೆ ತುಕ್ಕು ಹಿಡಿದಿಲ್ಲ, ಗೇರ್‌ಬಾಕ್ಸ್ ಗಟ್ಟಿಮುಟ್ಟಾಗಿದೆ. ಬೆಳಗಿನ ತರಕಾರಿ, ಪಾತ್ರೆ, ಮಕ್ಕಳ ಶಾಲೆ, ಎಲ್ಲಕ್ಕೂ ಇದೊಂದೇ ಗಾಡಿ. ಇಂಜಿನ್ ಬಿಚ್ಚಿ ನೋಡಿದ ಮೆಕ್ಯಾನಿಕ್, "ಅಣ್ಣಾ, ಎರಡು ರಾಡ್ ಹೋಗಿದೆ, ಬೋರಿಗೂ ಗೀರು ಬಿದ್ದಿದೆ. ಇದನ್ನು ಕಟ್ಟುವ ಖರ್ಚಿಗೆ ಓಡಿದ ಇಂಜಿನ್ ಒಂದು ಬರುತ್ತೆ," ಅಂದ. ಆ ಮಾತು ಸರಿಯೆಂದೇ ನನ್ನ ತಿಳಿವಳಿಕೆ. ಗಟ್ಟಿಯಾಗಿರುವ ಗಾಡಿಯನ್ನು ಒಂದು ಇಂಜಿನ್ನಿಗಾಗಿ ಗುಜರಿಗೆ ಹಾಕುವುದು ಹಣದ ಲೆಕ್ಕದಲ್ಲೂ ತಪ್ಪು, ಅಷ್ಟೊಂದು ಉಕ್ಕಿನ ಲೆಕ್ಕದಲ್ಲೂ ತಪ್ಪು.

ಆದರೆ ಯಾವ ಇಂಜಿನ್? 2010ರಲ್ಲಿ ಬಂದ ಹೊಸ ವ್ಯಾಗನ್ ಆರ್‌ನದು 998 ಸಿಸಿಯ ಮೂರು ಸಿಲಿಂಡರ್, ಟೈಮಿಂಗ್ ಚೈನ್ ಇರುವಂಥದ್ದು. ಇವರದು ಅದಕ್ಕೂ ಹಿಂದಿನ 1061 ಸಿಸಿ, ನಾಲ್ಕು ಸಿಲಿಂಡರ್, ಟೈಮಿಂಗ್ ಬೆಲ್ಟ್. ಹೆಸರು ಒಂದೇ ಎಂದು ತಂದರೆ ಮೌಂಟಿಂಗ್ ಕೂರುವುದಿಲ್ಲ, ವೈರಿಂಗ್ ಹೊಂದುವುದಿಲ್ಲ, ಇಂಜಿನ್ ನಿಯಂತ್ರಿಸುವ ಇಸಿಎಂ ಒಪ್ಪುವುದಿಲ್ಲ. ಮೊದಮೊದಲ ಎಸ್ಟಿಲೋ ಕಾರುಗಳಲ್ಲಿ ಇದ್ದದ್ದೂ ಇದೇ 1061 ಸಿಸಿಯದು, ಹಾಗಾಗಿ ಹುಡುಕುವ ಬಲೆ ಸ್ವಲ್ಪ ಅಗಲವಾಯಿತು.

ಮುಂಬಯಿಯಲ್ಲಿ ಹುಡುಕಾಟ ಎಂದರೆ ಕುರ್ಲಾದ ಸಿಎಸ್‌ಟಿ ರೋಡ್. ಕಟಿಂಗಿಗೆ ಹೋದ ಗಾಡಿಗಳ ಬಾಗಿಲು, ಬಾನೆಟ್, ಗೇರ್‌ಬಾಕ್ಸ್‌ಗಳ ನಡುವೆ ಹಳೆಯ ಟೈರಿನ ಮೇಲೆ ಕೂತ ಇಂಜಿನ್‌ಗಳು. ಅಂಗಡಿಯವನು ಹೊರಮೈಯನ್ನು ಡೀಸೆಲ್‌ನಲ್ಲಿ ತೊಳೆದು ಹೊಳೆಯಿಸಿರುತ್ತಾನೆ. ಬಲ್ಲವರು ಆ ಹೊಳಪನ್ನು ನೋಡುವುದಿಲ್ಲ, ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸುತ್ತಾರೆ. ಅಲ್ಲಿ ಹಾಲು ಬೆರೆಸಿದ ಕಾಫಿಯಂಥ ಜಿಗುಟು ಕಂಡರೆ ಆಯಿಲಿಗೆ ನೀರು ಸೇರಿದೆ. ಅದೂ ಇನ್ನೊಂದು ಸಬ್‌ವೇಯಲ್ಲಿ ಮುಳುಗಿದ ಕಾರಿನದೇ ಇರಬಹುದು. ಆಮೇಲೆ ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸುತ್ತಾರೆ. ಎಲ್ಲಿಯೂ ತಡೆಯಬಾರದು, ಎಲ್ಲಿಯೂ ತೀರಾ ಸಡಿಲಾಗಬಾರದು.

ನಮ್ಮ ಮೆಕ್ಯಾನಿಕ್ ಇಷ್ಟಕ್ಕೆ ಬಿಡಲಿಲ್ಲ. ನೆಲದ ಮೇಲಿಟ್ಟ ಬ್ಯಾಟರಿಯಿಂದ ಸ್ಟಾರ್ಟರಿಗೆ ದಪ್ಪ ವೈರು ಎಳೆದು, ಪ್ಲಗ್ ನಾಲ್ಕನ್ನೂ ಬಿಚ್ಚಿ, ಒಂದೊಂದೇ ತೂತಿಗೆ ಕಂಪ್ರೆಷನ್ ಗೇಜ್ ತಿರುಗಿಸಿ ಕೂರಿಸಿದ. ನಾಲ್ಕರಲ್ಲೂ ಮುಳ್ಳು ಹತ್ತಿರ ಹತ್ತಿರ ನಿಲ್ಲಬೇಕು. ಮೊದಲು ತೋರಿಸಿದ ಇಂಜಿನ್ನಿನ ಮೂರನೇ ಸಿಲಿಂಡರಿನಲ್ಲಿ ಮುಳ್ಳು ಕೆಳಗೇ ನಿಂತಿತು. ಆ ಬೋರಿಗೆ ಎರಡು ಚಮಚ ಆಯಿಲ್ ಬಿಟ್ಟು ಮತ್ತೆ ತಿರುಗಿಸಿದ, ಮುಳ್ಳು ಏರಿತು. ರಿಂಗ್ ಸವೆದಿದೆ ಎಂದು ಅರ್ಥ. ಏರದೇ ಹೋಗಿದ್ದರೆ ವಾಲ್ವೋ ಗ್ಯಾಸ್ಕೆಟ್ಟೋ ಕಾರಣ. ಅಂಗಡಿಯವನು ಮುಖ ಸಿಂಡರಿಸಿದರೂ ಅದನ್ನು ಬದಿಗಿಟ್ಟು ಎರಡನೆಯದನ್ನು ತೋರಿಸಿದ. ಈ ಕೆಲಸವನ್ನು ಪದವಿ ಪಡೆದವರೂ ಇಷ್ಟು ಅಚ್ಚುಕಟ್ಟಾಗಿ ಮಾಡಲಾರರು ಎಂದು ನನಗೆ ಅನ್ನಿಸಿತು. ಇಂಥ ಕೈಗಳಿಗೆ ಈ ಊರು ಇನ್ನಷ್ಟು ಗೌರವ ಕೊಡಬೇಕು.

ಎರಡನೆಯ ಇಂಜಿನ್ ಪಾಸಾಯಿತು. ಅದನ್ನು ಕೂರಿಸುವ ಮುಂಚೆ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಹೊಸದು ಹಾಕಿಸಲೇಬೇಕು. ಇಂಜಿನ್ ಹೊರಗಿರುವಾಗ ಸೀಲಿಗೆ ಕೊಡುವುದು ಸೀಲಿನ ಬೆಲೆ ಮಾತ್ರ. ಒಳಗೆ ಕೂತ ಮೇಲೆ ಅದೇ ಸೀಲಿಗಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸುವ ಮಜೂರಿ ಕೊಡಬೇಕು. ಈಗ ಇಲ್ಲಿ ಉಳಿಸಿದ ಹಣವನ್ನು ಆಮೇಲೆ ಅಳುತ್ತ ಕೊಟ್ಟವರು ಬಹಳ ಮಂದಿ.

ನನ್ನನ್ನು ಹೆಚ್ಚು ಕಾಡುವುದು ಕಾಗದದ ಮಾತು. ಬ್ಲಾಕಿನ ಮೇಲೆ ಒತ್ತಿದ ನಂಬರು ಆರ್‌ಸಿಯಲ್ಲೂ ಇರುತ್ತದೆ. ಇಂಜಿನ್ ಬದಲಾದರೆ ಆ ನಂಬರೂ ಬದಲಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಬದಲಾವಣೆಯನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಕೆಲಸ ಶುರುಮಾಡುವ ಮೊದಲೇ ಹೋಗಿ ಕೇಳಿಕೊಂಡರೆ ಇನ್ನೂ ಒಳ್ಳೆಯದು. ಆದರೆ ಹಳೆ ಇಂಜಿನ್ ಕೊಂಡವರಲ್ಲಿ ಬಹುಪಾಲು ಮಂದಿ ಕೈಯಲ್ಲಿ ಹಿಡಿದುಕೊಂಡು ಬರುವುದು ಒಂದು ಬಿಳಿ ಚೀಟಿ ಮಾತ್ರ. ಆ ಇಂಜಿನ್ ಯಾವ ಗಾಡಿಯದು, ಆ ಗಾಡಿ ನಿಜವಾಗಿ ಗುಜರಿಗೆ ಹೋದದ್ದೋ ಕದ್ದದ್ದೋ ಎಂಬುದಕ್ಕೆ ಚೀಟಿಯಲ್ಲಿ ಉತ್ತರವಿಲ್ಲ. ನಾಳೆ ಅಪಘಾತವಾದರೆ ವಿಮೆಯವರು ನಂಬರು ಹೊಂದುವುದಿಲ್ಲ ಎನ್ನುತ್ತಾರೆ, ನಾಕಾಬಂದಿಯಲ್ಲಿ ಪೊಲೀಸರು ಬಾನೆಟ್ ಎತ್ತಿಸಿದರೆ ಉತ್ತರ ಕೊಡುವವರು ಆ ಅಡುಗೆಯ ದಂಪತಿ, ಕುರ್ಲಾದ ಅಂಗಡಿಯವನಲ್ಲ. ಅವರು ಹಟ ಹಿಡಿದು ಇಂಜಿನ್ ಬಿಚ್ಚಿಕೊಂಡ ಗಾಡಿಯ ಆರ್‌ಸಿ ಪ್ರತಿ, ನಂಬರು ಬರೆದ ಪಕ್ಕಾ ಬಿಲ್ ಎರಡನ್ನೂ ಪಡೆದರು. ಅದಕ್ಕಾಗಿ ಕೊಟ್ಟ ಹೆಚ್ಚಿನ ಹಣ ಸಾರ್ಥಕ.

ಇದೇ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನ ಕಾರ್ಖಾನೆ ಇತ್ತು. 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಹೊರಟು ಆಮೇಲೆ ಪದ್ಮಿನಿಯಾದ ಕಾರು ಇಲ್ಲಿಯದೇ. ಮುಂಬಯಿಯ ಕಪ್ಪು ಹಳದಿ ಕಾಲಿಪೀಲಿ ಟ್ಯಾಕ್ಸಿಗಳಾಗಿ ಓಡಿದ ಆ ಕಾರುಗಳ ಹೊಟ್ಟೆಯಲ್ಲಿ ಕೊನೆಗಾಲದಲ್ಲಿ ಯಾವ ಯಾವ ಗಾಡಿಯ ಭಾಗಗಳಿದ್ದವೋ, ಅವನ್ನು ಓಡಿಸಿದವರಿಗೇ ಗೊತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ತಾರದೇವ್ ಆರ್‌ಟಿಒದಲ್ಲಿ ನೋಂದಣಿಯಾಗಿತ್ತು. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಆ ಟ್ಯಾಕ್ಸಿಗಳು ರಸ್ತೆಯಲ್ಲಿಲ್ಲ. ಅಷ್ಟು ವರ್ಷ ಅವು ಬದುಕಿದ್ದು ಕಂಪನಿಯಿಂದಲ್ಲ, ಗ್ಯಾರೇಜು ಮತ್ತು ಗುಜರಿಗಳಿಂದ.

2021ರ ನಿಯಮಗಳಂತೆ ಈಗ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಗಳು ಬರುತ್ತಿವೆ. ಅಲ್ಲಿಗೆ ಹೋಗುವ ಪ್ರತಿ ಗಾಡಿಗೂ ದಾಖಲೆ ಇರುತ್ತದೆ. ಅಂಥ ಗಾಡಿಯ ಒಳ್ಳೆಯ ಇಂಜಿನ್ನನ್ನು ಕರಗಿಸಲು ಕಳಿಸದೆ ಕಂಪ್ರೆಷನ್ ನೋಡಿ, ನಂಬರಿನ ಕಾಗದ ಲಗತ್ತಿಸಿ ಮಾರುವ ವ್ಯವಸ್ಥೆಯನ್ನು ಸರಕಾರ ಮಾಡಬೇಕು, ಅದರ ಬಿಲ್ಲನ್ನು ಬೋರಿವಲಿಯ ಆರ್‌ಟಿಒ ಕಿಟಕಿಯಲ್ಲಿ ಎರಡನೇ ಪ್ರಶ್ನೆಯಿಲ್ಲದೆ ಒಪ್ಪಿಕೊಳ್ಳಬೇಕು. ಮಲಾಡಿನ ಸಬ್‌ವೇ ಮುಂದಿನ ಮಳೆಗೂ ತುಂಬುತ್ತದೆ, ಗ್ಯಾರೇಜುಗಳಿಗೆ ಮತ್ತೆ ಇಂಜಿನ್ ಬೇಕಾಗುತ್ತದೆ.